ವೇಟ್‌ಲಿಸ್ಟ್‌ನಲ್ಲಿ ನಾನು 6ನೆಯವನು, ಹಿಂದಿದ್ದ 11ನೆಯವರಿಗೆ ಸೀಟ್ ಸಿಕ್ಕಿತು. ಎಲ್ಲಿ ತಪ್ಪಿದೆ?

ಎರಡನೇ_ವರ್ಷ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸ್ಟೇಟ್ ಯೂನಿವರ್ಸಿಟಿಯೊಂದರಲ್ಲಿ ಬ್ಯಾಚಲರ್ಸ್ ಎರಡನೇ ವರ್ಷ, ಎಫ್-1 ಅಂದ್ರೆ ವಿದ್ಯಾರ್ಥಿ ವೀಸಾ. ಫಾಲ್ ಸೆಮಿಸ್ಟರ್ ತರಗತಿಗಳು ಶುರುವಾಗೋದಕ್ಕೆ 9 ದಿನ ಉಳಿದಿದೆ. ಸ್ಟಾಟಿಸ್ಟಿಕ್ಸ್ ಕೋರ್ಸ್ ಒಂದು ಈ ಸೆಮಿಸ್ಟರಲ್ಲೇ ಮುಗಿಸಬೇಕು. ಮುಂದಿನ ಸೆಮಿಸ್ಟರ್ ಆದ ಸ್ಪ್ರಿಂಗ್‌ನಲ್ಲಿ ತಗೋಬೇಕಾದ ಎರಡು ಕೋರ್ಸ್‌ಗಳಿಗೆ ಅದು ಮೊದಲೇ ಆಗಿರಬೇಕು. ಪೋರ್ಟಲ್‌ನಲ್ಲಿ ಇವತ್ತು ಕಾಣೋದು ಇಷ್ಟು:

ಲೆಕ್ಚರ್ ಸೋಮ, ಬುಧ, ಶುಕ್ರ ಬೆಳಿಗ್ಗೆ 10ಕ್ಕೆ. ಮಿತಿ 240, ಸೇರಿದವರು 231. ವೇಟ್‌ಲಿಸ್ಟ್‌ನಲ್ಲಿ 17 ಜನ, ನಾನು 6. ಲೆಕ್ಚರ್ ಜೊತೆ ಡಿಸ್ಕಷನ್, ಅಂದ್ರೆ ಸಣ್ಣ ಗುಂಪಿನ ತರಗತಿ, ಕಡ್ಡಾಯ. ಒಟ್ಟು 10 ಡಿಸ್ಕಷನ್ ಸೆಕ್ಷನ್, ತಲಾ 24 ಸೀಟ್. ನಾನು ಆರಿಸಿದ್ದು 104, ಬುಧವಾರ 11 ಗಂಟೆಯದ್ದು, ಅದು 24ಕ್ಕೆ 24 ತುಂಬಿದೆ. ಶುಕ್ರವಾರ ಬೆಳಿಗ್ಗೆ 8ರ 108ರಲ್ಲಿ 5 ಸೀಟ್, ಗುರುವಾರ ಸಂಜೆ 5ರ 110ರಲ್ಲಿ 4 ಸೀಟ್ ಖಾಲಿ. ಉಳಿದ ಎಲ್ಲವೂ ಭರ್ತಿ.

ಕೋರ್ಸ್ 4 ಕ್ರೆಡಿಟ್. ಸದ್ಯ 13 ಕ್ರೆಡಿಟ್‌ಗೆ ಸೇರಿದ್ದೀನಿ, ಅದರಲ್ಲಿ 3 ಕ್ರೆಡಿಟ್ ಇದು ಸಿಗದಿದ್ರೆ ಇರಲಿ ಅಂತ ಹಿಡಿದಿಟ್ಟ ಇನ್ನೊಂದು ಕೋರ್ಸ್. ತರಗತಿ ಶುರುವಾಗೋವರೆಗೆ ಗರಿಷ್ಠ 16 ಕ್ರೆಡಿಟ್ ಅಂತ ಮಿತಿ ಇದೆ. ಗುರುವಾರ 2ರಿಂದ 4:50ರವರೆಗೆ ಕೆಮಿಸ್ಟ್ರಿ ಲ್ಯಾಬ್.

ನಿನ್ನೆ 11ನೇ ನಂಬರಿನವರಿಗೆ ಸೀಟ್ ಆಯ್ತು ಅಂತ ಗ್ರೂಪ್‌ನಲ್ಲಿ ಗೊತ್ತಾಯ್ತು. ನನ್ನ ನಂಬರ್ 6ರಲ್ಲೇ ಇದೆ. ಯಾಕೆ ಹೀಗೆ? ಡಿಸ್ಕಷನ್ ಬದಲಾಯಿಸಿದ್ರೆ ನಂಬರ್ ಹೋಗುತ್ತಾ? ಆ 3 ಕ್ರೆಡಿಟ್ ಕೋರ್ಸನ್ನ ಈಗಲೇ ಡ್ರಾಪ್ ಮಾಡಿ ಜಾಗ ಮಾಡಿಕೊಳ್ಳಲಾ? ಪ್ರೊಫೆಸರ್‌ಗೆ ಮೇಲ್ ಹಾಕಿದ್ರೆ ಪ್ರಯೋಜನ ಇದೆಯಾ?

---

ವೇಳಾಪಟ್ಟಿ_ಮೇಜು ಉತ್ತರ:

ನೀವು ಕೊಟ್ಟಿರೋ ಅಂಕಿಗಳಲ್ಲೇ ಉತ್ತರ ಇದೆ. ನಿಮ್ಮನ್ನ ಸಿಸ್ಟಮ್ ದಾಟಿಕೊಂಡು ಹೋಗೋದಕ್ಕೆ ಒಂದಲ್ಲ, ಎರಡು ಕಾರಣ ಇವೆ. ಒಂದನ್ನ ಮಾತ್ರ ಸರಿಮಾಡಿದ್ರೆ ನಾಳೆ ಮತ್ತೆ ಇದೇ ಆಗುತ್ತೆ.

ಮೊದಲನೆಯದು ಡಿಸ್ಕಷನ್. ನೀವು ಕಾಯ್ತಿರೋದು ಲೆಕ್ಚರ್‌ನ ಸೀಟಿಗಲ್ಲ. ಲೆಕ್ಚರ್ ಮತ್ತು 104, ಈ ಜೋಡಿಗೆ ಕಾಯ್ತಿದ್ದೀರಿ. ಪೀಪಲ್‌ಸಾಫ್ಟ್ ಥರದ ನೋಂದಣಿ ಸಾಫ್ಟ್‌ವೇರ್ ಸಿಸ್ಟಮ್‌ಗಳಲ್ಲಿ ವೇಟ್‌ಲಿಸ್ಟ್ ಪ್ರಕ್ರಿಯೆ ನಿಗದಿತ ಹೊತ್ತಿಗೆ ತಾನಾಗಿ ಓಡುತ್ತೆ. ಅದು 1ನೇ ನಂಬರಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ನೋಡುತ್ತೆ: ಲೆಕ್ಚರ್‌ನಲ್ಲಿ ಜಾಗ ಇದೆಯಾ, ಇವರು ಕೇಳಿದ ಡಿಸ್ಕಷನ್‌ನಲ್ಲಿ ಜಾಗ ಇದೆಯಾ, ಬೇರೆ ಅಡ್ಡಿ ಇದೆಯಾ. ಒಂದಕ್ಕೆ ಇಲ್ಲ ಅಂತ ಬಂದ್ರೂ ಆ ಹೆಸರನ್ನ ಅಲ್ಲೇ ಬಿಟ್ಟು ಮುಂದಿನವರಿಗೆ ಹೋಗುತ್ತೆ. ಖಾಲಿ ಇರೋ ಬೇರೆ ಡಿಸ್ಕಷನ್‌ಗೆ ನಿಮ್ಮನ್ನ ತಾನಾಗಿ ಹಾಕಲ್ಲ. ನಿಮ್ಮ ನಂಬರ್ ಹಾಗೇ ಉಳಿಯುತ್ತೆ, ದಾಟಿಹೋದದ್ದು ನಿಮಗೆ ತಿಳಿಯದೇ ಇರಬಹುದು. 11ನೆಯವರು ಬಹುಶಃ 108 ಅಥವಾ 110 ಕೇಳಿದ್ದರು, ಅಷ್ಟೇ.

ಎರಡನೆಯದು ಕ್ರೆಡಿಟ್ ಮಿತಿ. ಈಗ 13, ಇದು 4, ಒಟ್ಟು 17. ಮಿತಿ 16. ವೇಟ್‌ಲಿಸ್ಟ್‌ಗೆ ಹೆಸರು ಹಾಕುವಾಗ ಸಿಸ್ಟಮ್ ತಡೆಯಲಿಲ್ಲ ಅಂದ್ರೆ ಮಿತಿ ಲೆಕ್ಕಕ್ಕಿಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಕಡೆ ಸೇರಿದ ಕ್ರೆಡಿಟ್‌ಗೆ ಒಂದು ಮಿತಿ, ವೇಟ್‌ಲಿಸ್ಟ್ ಕ್ರೆಡಿಟ್‌ಗೆ ಬೇರೆ ಮಿತಿ ಇರುತ್ತೆ. ನಿಜವಾಗಿ ಸೇರಿಸೋ ಗಳಿಗೆಯಲ್ಲಿ ಮೊದಲನೆಯದು ಅಡ್ಡ ಬರುತ್ತೆ. 108ಕ್ಕೆ ಬದಲಾಯಿಸಿ ಸುಮ್ಮನಾದ್ರೆ ಈ ಕಾರಣಕ್ಕೆ ಮತ್ತೆ ದಾಟಿಹೋಗುತ್ತೆ.

ಇದಕ್ಕೆ ಪರಿಹಾರ ಸ್ವಾಪ್. 'ಇದು ಸಿಕ್ಕರೆ ಮಾತ್ರ ಅದನ್ನ ಬಿಡು' ಅಂತ ಸಿಸ್ಟಮ್‌ಗೆ ಮೊದಲೇ ಹೇಳಿಡೋ ವ್ಯವಸ್ಥೆ. ಬಿಡಬೇಕಾದ್ದು ನಿಮ್ಮ 3 ಕ್ರೆಡಿಟ್ ಕೋರ್ಸ್, ಬೇಕಾದ್ದು ಸ್ಟಾಟಿಸ್ಟಿಕ್ಸ್ ಲೆಕ್ಚರ್ ಜೊತೆ ಖಾಲಿ ಇರೋ ಡಿಸ್ಕಷನ್. ಸೀಟ್ ಸಿಕ್ಕ ಕ್ಷಣಕ್ಕೆ 13ರಲ್ಲಿ 3 ಕಳೆದು 4 ಕೂಡಿ 14 ಆಗುತ್ತೆ, ಮಿತಿಯೊಳಗೆ ಬರುತ್ತೆ. ಸಿಗಲಿಲ್ಲ ಅಂದ್ರೆ 13 ಹಾಗೇ ಇರುತ್ತೆ. ಕೆಲವು ಪೋರ್ಟಲ್‌ಗಳಲ್ಲಿ ಇದಕ್ಕೆ 'ಡ್ರಾಪ್ ಇಫ್ ಎನ್‌ರೋಲ್ಡ್' ಅನ್ನೋ ಹೆಸರಿದೆ.

ಇವೆರಡರ ಜೊತೆ, ದಾಟಿಹೋಗೋದಕ್ಕೆ ಇರೋ ಉಳಿದ ಕಾರಣಗಳನ್ನೂ ಒಂದು ಸಲ ನೋಡಿಬಿಡಿ. ಕೋರ್ಸ್ ಸಮಯ ಈಗಾಗಲೇ ಸೇರಿರೋ ಇನ್ನೊಂದಕ್ಕೆ ಒಂದು ನಿಮಿಷ ತಾಗಿದ್ರೂ ಸಾಕು, ಸೇರಿಸಲ್ಲ. ನಿಮ್ಮ ಲ್ಯಾಬ್ 4:50ಕ್ಕೆ ಮುಗಿಯುತ್ತೆ, 110 ಶುರುವಾಗೋದು 5ಕ್ಕೆ, ಹಾಗಾಗಿ ಸಿಸ್ಟಮ್ ಒಪ್ಪುತ್ತೆ. ಲ್ಯಾಬ್‌ನಿಂದ ಆ ಕಟ್ಟಡಕ್ಕೆ 10 ನಿಮಿಷದಲ್ಲಿ ತಲುಪಬಹುದಾ ಅನ್ನೋದನ್ನ ನೀವೇ ನೋಡಬೇಕು. ಇದೇ ಕೋರ್ಸ್‌ನ ಬೇರೆ ಲೆಕ್ಚರ್‌ಗೆ ಈಗಾಗಲೇ ಸೇರಿದ್ರೆ, ಶುಲ್ಕ ಬಾಕಿ ಅಥವಾ ಲಸಿಕೆ ದಾಖಲೆ ಕೊಡದೆ ಖಾತೆಗೆ ಹೋಲ್ಡ್, ಅಂದ್ರೆ ನೋಂದಣಿ ತಡೆ, ಬಿದ್ದಿದ್ರೆ, ಹಿಂದಿನ ಕೋರ್ಸ್‌ನ ಗ್ರೇಡ್ ಇನ್ನೂ ದಾಖಲಾಗದೆ ಪ್ರಿರಿಕ್ವಿಸಿಟ್ (ಮೊದಲೇ ಮುಗಿಸಿರಬೇಕಾದ ಕೋರ್ಸ್) ಇಲ್ಲ ಅಂತ ತೋರಿಸ್ತಿದ್ರೆ, ಆಗಲೂ ಅಷ್ಟೇ. ಹೋಲ್ಡ್ ವಿಷಯ ತುಂಬಾ ಜನ ಮರೀತಾರೆ. ವೇಟ್‌ಲಿಸ್ಟ್‌ಗೆ ಹೆಸರು ಹಾಕಿದ ಮೇಲೆ ಬಿದ್ದ ಹೋಲ್ಡ್ ಆದ್ರೆ ಕಣ್ಣಿಗೇ ಬೀಳಲ್ಲ.

ಇನ್ನೊಂದು ಬಲೆ ಕಾಯ್ದಿರಿಸಿದ ಸೀಟುಗಳದ್ದು. 108ರಲ್ಲಿ 5 ಖಾಲಿ ಅಂತ ಕಂಡ್ರೂ ಅವು ಆ ವಿಭಾಗವನ್ನೇ ಮೇಜರ್, ಅಂದ್ರೆ ಮುಖ್ಯ ವಿಷಯ, ಆಗಿ ತಗೊಂಡವರಿಗೆ ಅಥವಾ ಹೊಸದಾಗಿ ಟ್ರಾನ್ಸ್‌ಫರ್ ಆಗಿ ಬರೋರಿಗೆ ಮೀಸಲಾಗಿರಬಹುದು. ಕ್ಲಾಸ್ ಹೆಸರಿನ ಮೇಲೆ ಒತ್ತಿದ್ರೆ ತೆರೆಯೋ ವಿವರದ ಪುಟದಲ್ಲಿ, ಟಿಪ್ಪಣಿಗಳ ಜಾಗದಲ್ಲಿ, ಬರೆದಿರ್ತಾರೆ. ಮೀಸಲು ಯಾವ ದಿನ ತೆರವಾಗುತ್ತೆ ಅನ್ನೋದೂ ಕೆಲವು ಸಲ ಅಲ್ಲೇ ಇರುತ್ತೆ. ಹೊಸಬರ ಓರಿಯೆಂಟೇಶನ್ ಮುಗಿದ ಮೇಲೆ ಸೀಟುಗಳು ಒಟ್ಟಿಗೆ ಬಿಡುಗಡೆ ಆಗೋದು ಈ ಕಾರಣಕ್ಕೆ.

ಡಿಸ್ಕಷನ್ ಬದಲಾಯಿಸಿದ್ರೆ ನಂಬರ್ ಹೋಗುತ್ತಾ ಅನ್ನೋದು ಯೂನಿವರ್ಸಿಟಿಯ ಮೇಲೆ ನಿಂತಿದೆ. ಕೆಲವು ಕಡೆ 'ಎಡಿಟ್' ಮೂಲಕ ಬದಲಾಯಿಸಿದ್ರೆ ಜಾಗ ಉಳಿಯುತ್ತೆ, ಕೆಲವು ಕಡೆ ಹೊಸ ಸಮಯ ಬಿದ್ದು ಕೊನೆಗೆ ಹೋಗ್ತೀರಿ. ಗುಂಡಿ ಒತ್ತೋ ಮುಂಚೆ ರಿಜಿಸ್ಟ್ರಾರ್ ಪುಟದಲ್ಲಿ ಓದಿ, ಇಲ್ಲದಿದ್ರೆ ಫೋನ್ ಮಾಡಿ ಕೇಳಿ. ಆದ್ರೆ ನಂಬರ್ ಹೋಗುತ್ತೆ ಅಂತಲೇ ಹೆದರಬೇಡಿ. ಪ್ರತಿ ಡಿಸ್ಕಷನ್‌ನ ಪಕ್ಕದಲ್ಲಿ ಎಷ್ಟು ಜನ ಅದಕ್ಕೇ ಕಾಯ್ತಿದ್ದಾರೆ ಅನ್ನೋದೂ ಕಾಣುತ್ತೆ. 108ಕ್ಕೆ ಕಾಯೋರು ಸೊನ್ನೆ, ಸೀಟ್ 5 ಅಂತಿದ್ರೆ, ನೀವು 17ನೆಯವರಾಗಿದ್ರೂ ನಿಮ್ಮ ಮುಂದಿರೋ 16 ಜನ ಬೇರೆ ಬಾಗಿಲಲ್ಲಿ ನಿಂತಿದ್ದಾರೆ. 104ಕ್ಕೆ 6ನೆಯವರಾಗಿರೋದಕ್ಕಿಂತ 108ಕ್ಕೆ 17ನೆಯವರಾಗಿರೋದು ವಾಸಿ.

---

ಎಫ್1_ಕ್ರೆಡಿಟ್_ಲೆಕ್ಕ ಉತ್ತರ:

ಮೇಲಿನವರು ಸ್ವಾಪ್ ಅಂದದ್ದನ್ನ ನಾನು ಇನ್ನೊಂದು ಕಾರಣಕ್ಕೆ ಒತ್ತಿ ಹೇಳ್ತೀನಿ. ಆ 3 ಕ್ರೆಡಿಟ್ ಕೋರ್ಸನ್ನ ದಯವಿಟ್ಟು ಕೈಯಾರೆ ಡ್ರಾಪ್ ಮಾಡಬೇಡಿ. ಮಾಡಿದ್ರೆ ನೀವು 10 ಕ್ರೆಡಿಟ್‌ಗೆ ಇಳೀತೀರಿ.

ಎಫ್-1ನಲ್ಲಿರೋ ಬ್ಯಾಚಲರ್ಸ್ ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್‌ಗೆ ಸೇರಿರಬೇಕು ಅಂತ ಅಮೆರಿಕದ ಕೇಂದ್ರ ಸರ್ಕಾರದ ನಿಯಮವೇ ಹೇಳುತ್ತೆ. ವೇಟ್‌ಲಿಸ್ಟ್‌ನಲ್ಲಿರೋ 4 ಕ್ರೆಡಿಟ್ ಈ ಲೆಕ್ಕಕ್ಕೆ ಬರಲ್ಲ, 1ನೇ ನಂಬರಿನಲ್ಲಿದ್ರೂ ಬರಲ್ಲ. ಸೆಮಿಸ್ಟರ್ ಶುರುವಾದ 30 ದಿನದೊಳಗೆ ನಿಮ್ಮ ಯೂನಿವರ್ಸಿಟಿಯ ಡಿಎಸ್‌ಒ, ಅಂದ್ರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿ, ನಿಮ್ಮ ನೋಂದಣಿಯನ್ನ ಸೆವಿಸ್‌ನಲ್ಲಿ, ಅಂದ್ರೆ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಲ್ಲಿ, ದಾಖಲಿಸಬೇಕು. ಅವರು ನೋಡೋದು ನೀವು ನಿಜವಾಗಿ ಸೇರಿರೋ ಕ್ರೆಡಿಟ್‌ಗಳನ್ನ.

ತರಗತಿ ಶುರುವಾಗೋ ಮುಂಚೆ ಎರಡು ದಿನ 10ರಲ್ಲಿದ್ದು ಮತ್ತೆ ಮೇಲೆ ಬಂದ್ರೆ ದೊಡ್ಡ ಅನಾಹುತ ಆಗಲ್ಲ ಅನ್ನಬಹುದು. ಅಪಾಯ ಇರೋದು ಬೇರೆ ಕಡೆ. ಬಿಟ್ಟ ಸೀಟನ್ನ ಇನ್ನೊಬ್ಬರು ತಗೊಂಡ್ರು, ಸ್ಟಾಟಿಸ್ಟಿಕ್ಸೂ ಆಗಲಿಲ್ಲ, ಸೇರೋ ಗಡುವು ದಾಟಿತು. ಇದ್ದದ್ದೂ ಹೋಯ್ತು, ಬರಬೇಕಾದ್ದೂ ಬರಲಿಲ್ಲ. ಆಮೇಲೆ 12ಕ್ಕೆ ತಲುಪೋದಕ್ಕೆ ಅರ್ಧ ಸೆಮಿಸ್ಟರ್‌ನಲ್ಲಿ ಶುರುವಾಗೋ ಕೋರ್ಸ್ ಹುಡುಕಬೇಕಾಗುತ್ತೆ. ಕಡಿಮೆ ಕ್ರೆಡಿಟ್‌ಗೆ ಡಿಎಸ್‌ಒ ಅನುಮತಿ ಕೊಡೋದು ನಿಯಮದಲ್ಲಿರೋ ಕೆಲವೇ ಕಾರಣಗಳಿಗೆ, ಅದೂ ಇಳಿಯೋ ಮುಂಚೆ ಕೇಳಿದ್ರೆ. ಬೇಕಾದ ಕ್ಲಾಸ್ ಸಿಗಲಿಲ್ಲ ಅಂದಷ್ಟಕ್ಕೆ ಕೊಡ್ತಾರೆ ಅಂತ ನಂಬಿ ಕೂರಬೇಡಿ.

ಹಿಡಿದಿಟ್ಟ ಕೋರ್ಸ್ ಆನ್‌ಲೈನ್ ಆಗಿದ್ರೆ ಅದನ್ನೂ ಗಮನಿಸಿ. 12 ತುಂಬಿಸೋ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ ಪೂರ್ತಿ ಆನ್‌ಲೈನ್ ಆದ ಒಂದು ಕ್ಲಾಸ್ ಅಥವಾ 3 ಕ್ರೆಡಿಟ್ ಮಾತ್ರ ಸಲ್ಲುತ್ತೆ. ಎರಡನೇ ಆನ್‌ಲೈನ್ ಕ್ಲಾಸ್ ಓದಬಹುದು, ಆ 12ರೊಳಗೆ ಎಣಿಸೋ ಹಾಗಿಲ್ಲ.

---

ಟಿಎ_ಕೊಠಡಿ ಉತ್ತರ:

ಪ್ರೊಫೆಸರ್‌ಗೆ ಮೇಲ್ ಹಾಕೋ ವಿಷಯ ಮತ್ತು ಮೊದಲ ವಾರ ಏನು ಮಾಡಬೇಕು ಅನ್ನೋದನ್ನ ನಾನು ಹೇಳ್ತೀನಿ.

240 ಜನರ ಕೋರ್ಸ್‌ನಲ್ಲಿ ಪ್ರೊಫೆಸರ್ ಕೈಯಲ್ಲಿ ಸೀಟ್ ಇರೋದು ಅಪರೂಪ. ಲೆಕ್ಚರ್ ಮಿತಿ ಕೊಠಡಿಯ ಸಾಮರ್ಥ್ಯದ ಮೇಲೆ ನಿಂತಿರುತ್ತೆ, ಬೆಂಕಿ ಸುರಕ್ಷತೆಯ ನಿಯಮ ಮೀರೋದಕ್ಕೆ ಯಾರಿಗೂ ಅಧಿಕಾರ ಇಲ್ಲ. ಡಿಸ್ಕಷನ್ ಮಿತಿ ಕೊಠಡಿ ಮತ್ತು ಟಿಎಗಳ (ಡಿಸ್ಕಷನ್ ನಡೆಸೋ ಸಹಾಯಕ ಬೋಧಕರ) ಕೆಲಸದ ಹೊರೆ ಎರಡರ ಮೇಲೂ ನಿಂತಿರುತ್ತೆ. ಟಿಎ ಕೆಲಸಕ್ಕೆ ವಾರಕ್ಕೆ ಇಷ್ಟು ಗಂಟೆ ಅಂತ ಮಿತಿ ಇದೆ. 24 ಜನರ ಉತ್ತರಪತ್ರಿಕೆ 30 ಆದ್ರೆ ಆ ಹೆಚ್ಚುವರಿ ಗಂಟೆಗಳನ್ನ ಎಲ್ಲಿಂದಲೂ ತರೋಕಾಗಲ್ಲ. ಹಾಗಾಗಿ ದೊಡ್ಡ ಕೋರ್ಸ್‌ಗಳಲ್ಲಿ ಸೇರಿಸೋ ಕೆಲಸವನ್ನ ಸಾಮಾನ್ಯವಾಗಿ ವಿಭಾಗದ ಕಚೇರಿಯ ಅಡ್ವೈಸರ್ ಅಥವಾ ವೇಳಾಪಟ್ಟಿ ನೋಡೋ ಸಿಬ್ಬಂದಿ ನಿಭಾಯಿಸ್ತಾರೆ. ಮೊದಲು ಕೋರ್ಸ್ ಪುಟ ಓದಿ. 'ಸೇರ್ಪಡೆ ಬಗ್ಗೆ ನನಗೆ ಬರೀಬೇಡಿ, ಕಚೇರಿಗೆ ಬರೀರಿ' ಅಂತ ಬರೆದಿದ್ರೆ ಹಾಗೇ ಮಾಡಿ.

30 ಜನರ ಸೆಮಿನಾರ್, ಭಾಷೆಯ ಕ್ಲಾಸ್, ಮೇಲಿನ ವರ್ಷದ ಕೋರ್ಸ್‌ಗಳಲ್ಲಿ ಕಥೆ ಬೇರೆ. ಅಲ್ಲಿ ಪ್ರೊಫೆಸರ್ ಅನುಮತಿ ಸಂಖ್ಯೆ, ಅಂದ್ರೆ ಪೋರ್ಟಲ್‌ನಲ್ಲಿ ಹಾಕಿ ಅಡ್ಡಿ ಮೀರಿ ಸೇರೋ ಕೋಡ್, ಕೊಡಬಲ್ಲರು. ಒಂದೊಂದು ಕಡೆ ಒಂದೊಂದು ಹೆಸರು: ಯುಸಿಎಲ್‌ಎಯಲ್ಲಿ ಪಿಟಿಇ, ಯುಸಿ ಡೇವಿಸ್‌ನಲ್ಲಿ ಪಿಟಿಎ, ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ಆ್ಯಡ್ ಕೋಡ್. ಸಿಕ್ಕಿದ ಮೇಲೆ ಆಗೋ ತೊಂದರೆ ಗೊತ್ತಿರಲಿ. ಪೀಪಲ್‌ಸಾಫ್ಟ್‌ನಲ್ಲಿ ಈ ಸಂಖ್ಯೆ ಕೊಡುವಾಗ ಯಾವ ಅಡ್ಡಿಯನ್ನ ಮೀರಬಹುದು ಅಂತ ಬೇರೆ ಬೇರೆ ಗುರುತು ಹಾಕ್ತಾರೆ: ಕ್ಲಾಸ್ ಭರ್ತಿ, ಪ್ರಿರಿಕ್ವಿಸಿಟ್ ಇಲ್ಲ, ಅನುಮತಿ ಬೇಕು, ಹೀಗೆ. ಭರ್ತಿಯ ಗುರುತು ಮಾತ್ರ ಹಾಕಿದ ಸಂಖ್ಯೆ ಪ್ರಿರಿಕ್ವಿಸಿಟ್ ಅಡ್ಡಿಗೆ ಕೆಲಸ ಮಾಡಲ್ಲ. ಸಂಖ್ಯೆ ಕೆಲಸ ಮಾಡ್ತಿಲ್ಲ ಅಂತ ವಾಪಸ್ ಬರೆಯುವಾಗ ಪರದೆ ಮೇಲೆ ಬಂದ ದೋಷದ ಸಾಲನ್ನ ಅಕ್ಷರ ಬಿಡದೆ ಹಾಕಿ, ಅವರಿಗೆ ಒಂದೇ ನಿಮಿಷದ ಕೆಲಸ ಆಗುತ್ತೆ. ಸಂಖ್ಯೆಗೆ ಗಡುವು ಇರಬಹುದು, ಒಮ್ಮೆ ಬಳಸಿದ್ರೆ ಮುಗೀತು. ಬಂದ ದಿನವೇ ಹಾಕಿಬಿಡಿ.

ಮೇಲ್‌ನಲ್ಲಿ ಏನಿರಬೇಕು? ವಿಷಯದ ಸಾಲಿನಲ್ಲಿ ಕೋರ್ಸ್ ಸಂಖ್ಯೆ ಮತ್ತು ಸೆಕ್ಷನ್. ಒಳಗೆ ಪೂರ್ತಿ ಹೆಸರು, ವಿದ್ಯಾರ್ಥಿ ಐಡಿ, ಮೇಜರ್, ವರ್ಷ, ವೇಟ್‌ಲಿಸ್ಟ್ ನಂಬರ್. ಈ ಸೆಮಿಸ್ಟರಲ್ಲೇ ಯಾಕೆ ಬೇಕು ಅನ್ನೋದಕ್ಕೆ ಒಂದೇ ವಾಕ್ಯ: 'ಸ್ಪ್ರಿಂಗ್‌ನ ಇಂಥ ಎರಡು ಕೋರ್ಸ್‌ಗೆ ಇದು ಪ್ರಿರಿಕ್ವಿಸಿಟ್.' ಕೊನೆಗೆ ಅತಿ ಮುಖ್ಯವಾದದ್ದು, ನಿಮಗೆ ಹೊಂದೋ ಎಲ್ಲಾ ಡಿಸ್ಕಷನ್‌ಗಳ ಸಂಖ್ಯೆ. 'ಯಾವುದಾದ್ರೂ ಸರಿ' ಅಂತ ಬರೆದ್ರೆ ಅವರು ನಿಮ್ಮ ವೇಳಾಪಟ್ಟಿ ತೆಗೆದು ಹುಡುಕಬೇಕಾಗುತ್ತೆ. '108 ಮತ್ತು 110 ಹೊಂದುತ್ತೆ' ಅಂದ್ರೆ ತಕ್ಷಣ ಹಾಕಬಲ್ಲರು. ನಮ್ಮವರಲ್ಲಿ ಒಂದು ಅಭ್ಯಾಸ ಇದೆ, 'ರೆಸ್ಪೆಕ್ಟೆಡ್ ಸರ್' ಅಂತ ಶುರುಮಾಡಿ ಒಂದು ಪುಟ ಕೇಳಿಕೊಳ್ಳೋದು. ಇಲ್ಲಿ 'ಪ್ರೊಫೆಸರ್' ಜೊತೆ ಅವರ ಕುಲನಾಮ ಸಾಕು, ಐದಾರು ಸಾಲು ಸಾಕು. ವಾರಕ್ಕೆ ಒಂದು ಮೇಲ್. ಅದೇ ಮೇಲನ್ನ ಪ್ರೊಫೆಸರ್, ಟಿಎ, ಅಡ್ವೈಸರ್ ಮೂವರಿಗೂ ಬೇರೆ ಬೇರೆಯಾಗಿ ಕಳಿಸಿದ್ರೆ, ಮೂವರೂ ಇನ್ನೊಬ್ಬರು ನೋಡ್ಕೋತಾರೆ ಅಂತ ಬಿಡ್ತಾರೆ.

ಮೊದಲ ದಿನ ಕ್ಲಾಸಿಗೆ ಹೋಗಿ, ಸೀಟ್ ಇಲ್ಲದಿದ್ರೂ ಹೋಗಿ. ಅನೇಕ ಕಡೆ ಮೊದಲ ವಾರ ಬಾರದವರನ್ನ ತೆಗೆದುಹಾಕ್ತಾರೆ, ಆ ಸೀಟುಗಳು ಹೋಗೋದು ವೇಟ್‌ಲಿಸ್ಟ್‌ಗೆ. ಡಿಸ್ಕಷನ್ ವಿಷಯದಲ್ಲಿ ಜನ ತಪ್ಪೋದು ಇಲ್ಲಿ: ತಮಗೆ ಬೇಕಾದ, ಭರ್ತಿಯಾದ ಸೆಕ್ಷನ್‌ಗೆ ಹೋಗಿ ಬಾಗಿಲಲ್ಲಿ ನಿಲ್ತಾರೆ. ಖಾಲಿ ಇರೋ ಸೆಕ್ಷನ್‌ಗೆ ಹೋಗಿ ಕೂತ್ಕೊಳ್ಳಿ, ಟಿಎಗೆ ಹೆಸರು, ಐಡಿ, ವೇಟ್‌ಲಿಸ್ಟ್ ನಂಬರ್ ಬರೆದುಕೊಡಿ. ಟಿಎಗೆ ನಿಮ್ಮನ್ನ ಸೇರಿಸೋ ಅಧಿಕಾರ ಸಾಮಾನ್ಯವಾಗಿ ಇರಲ್ಲ, ಆದ್ರೆ 'ನನ್ನ ಸೆಕ್ಷನ್‌ನಲ್ಲಿ ಮೂರು ಜನ ಬಂದೇ ಇಲ್ಲ' ಅಂತ ಕಚೇರಿಗೆ ತಿಳಿಸೋದು ಅವರೇ.

ವೇಟ್‌ಲಿಸ್ಟ್‌ನಲ್ಲಿರೋರಿಗೆ ಹೋಮ್‌ವರ್ಕ್, ಅಂಕ ಎಲ್ಲಾ ಇರೋ ಕ್ಯಾನ್ವಾಸ್ ಅನ್ನೋ ಕೋರ್ಸ್ ವೆಬ್ ಪುಟ ತೆರೆಯದೇ ಇರಬಹುದು. ಮೊದಲ ಹೋಮ್‌ವರ್ಕ್ ಆಗ ಕಾಣಲ್ಲ, ಕಾಣದ ಹೋಮ್‌ವರ್ಕ್‌ಗೂ ಗಡುವು ಇರುತ್ತೆ. ಮೊದಲ ದಿನವೇ ಟಿಎ ಹತ್ತಿರ 'ವೇಟ್‌ಲಿಸ್ಟ್‌ನವರು ಹೋಮ್‌ವರ್ಕ್ ಹೇಗೆ ಒಪ್ಪಿಸಬೇಕು' ಅಂತ ಕೇಳಿ. ಸೀಟ್ ಸಿಗೋದು ಎರಡನೇ ವಾರದ ಕೊನೆಗೆ ಆದ್ರೆ, ಅಷ್ಟರಲ್ಲಿ ಎರಡು ಹೋಮ್‌ವರ್ಕ್, ಒಂದು ಕ್ವಿಜ್ ಹೋಗಿರುತ್ತೆ. ಹಿಂದಿನದ್ದಕ್ಕೆ ಸಮಯ ಕೊಡಲೇಬೇಕು ಅಂತ ನಿಯಮ ಎಲ್ಲಾ ಕಡೆ ಇಲ್ಲ. ಹಾಗೇ, ಹಿಡಿದಿಟ್ಟ 3 ಕ್ರೆಡಿಟ್ ಕೋರ್ಸ್‌ನ ಕೆಲಸವನ್ನೂ ಬಿಡಬೇಡಿ, ಕೊನೆಗೆ ಅದೇ ಉಳಿಯಬಹುದು.

---

ಸಮುದಾಯ_ಕಾಲೇಜು ಉತ್ತರ:

ಈ ಥ್ರೆಡ್ ಓದೋ ಬೇರೆಯವರಿಗಾಗಿ ಒಂದು ಸೇರಿಸ್ತೀನಿ. ಎಲ್ಲಾ ಕಡೆ ಸಿಸ್ಟಮ್ ತಾನಾಗಿ ಸೇರಿಸಲ್ಲ. ಬ್ಯಾನರ್ ಅನ್ನೋ ನೋಂದಣಿ ಸಾಫ್ಟ್‌ವೇರ್ ಬಳಸೋ ಅನೇಕ ಕಾಲೇಜುಗಳಲ್ಲಿ ಸೀಟ್ ತೆರವಾದಾಗ ಸಾಲಿನಲ್ಲಿ ಮೊದಲಿರೋರಿಗೆ ಮೇಲ್ ಬರುತ್ತೆ, ಅದರಲ್ಲಿ ಗಡುವು ಇರುತ್ತೆ, ಎಷ್ಟೋ ಕಡೆ 24 ಗಂಟೆ. ಅಷ್ಟರಲ್ಲಿ ಪೋರ್ಟಲ್‌ಗೆ ಹೋಗಿ ವೇಟ್‌ಲಿಸ್ಟ್ ಅಂತ ಇರೋದನ್ನ ರಿಜಿಸ್ಟರ್ ಅಂತ ನೀವೇ ಬದಲಾಯಿಸಬೇಕು. ಮಾಡದಿದ್ರೆ ಹೆಸರು ಸಾಲಿನಿಂದಲೇ ಹೋಗುತ್ತೆ. ಮೇಲ್ ಬರೋದು ಕಾಲೇಜಿನ ವಿಳಾಸಕ್ಕೆ, ನಿಮ್ಮ ಸ್ವಂತ ಜಿಮೇಲ್‌ಗಲ್ಲ. ರಜೆಗೆ ಊರಿಗೆ ಬಂದವರು ಇಲ್ಲೇ ಸೀಟ್ ಕಳ್ಕೊಳ್ಳೋದು: ಅಮೆರಿಕದಲ್ಲಿ ಮಧ್ಯಾಹ್ನ ಬಂದ ಮೇಲ್ ಭಾರತದಲ್ಲಿ ನಡುರಾತ್ರಿ ಬರುತ್ತೆ, ಅರ್ಧ ಗಡುವು ನಿದ್ದೆಯಲ್ಲೇ ಕಳೆಯುತ್ತೆ. ಕಾಲೇಜಿನ ಮೇಲ್‌ಗೆ ಫೋನಿನಲ್ಲಿ ಬೇರೆ ಸದ್ದು ಇಟ್ಕೊಳ್ಳಿ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜುಗಳು) ತರಗತಿ ಶುರುವಾದ ಮೇಲೆ ಎಲ್ಲವೂ ಅಧ್ಯಾಪಕರ ಕೈಗೆ ಬರುತ್ತೆ. ಮೊದಲ ದಿನ ಹಾಜರಿ ತಗೊಂಡು, ಬಾರದವರನ್ನ ತೆಗೆದು, ವೇಟ್‌ಲಿಸ್ಟ್ ಕ್ರಮದಲ್ಲಿ ಆ್ಯಡ್ ಕೋಡ್ ಹಂಚ್ತಾರೆ. ಆ ಹೊತ್ತಿಗೆ ಕೋಣೆಯಲ್ಲಿ ಇಲ್ಲದವರ ಸರದಿ ಮುಂದಿನವರಿಗೆ ಹೋಗೋದು ಸಾಮಾನ್ಯ. ಅಲ್ಲಿ ಸೆನ್ಸಸ್ ದಿನ ಅಂತ ಒಂದಿದೆ, ಪೂರ್ಣ ಅವಧಿಯ ಕೋರ್ಸ್‌ಗಳಿಗೆ ಅವಧಿಯ ಸುಮಾರು 20 ಶೇಕಡಾ ಕಳೆದಾಗ ಬರುತ್ತೆ. ಕಾಲೇಜಿಗೆ ರಾಜ್ಯದ ಹಣ ಬರೋ ಲೆಕ್ಕ ಆ ದಿನದ ಹಾಜರಿ ಪಟ್ಟಿಯ ಮೇಲಿರೋದರಿಂದ ಅದಕ್ಕೆ ಮುಂಚೆ ಪಟ್ಟಿ ಶುಚಿ ಮಾಡಲೇಬೇಕು.

ಸೀಟ್ ತೆರವಾಗೋ ದಿನಗಳು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ. ಶುಲ್ಕ ಕಟ್ಟೋ ಗಡುವಿನ ಮರುದಿನ, ಕಟ್ಟದವರನ್ನ ತೆಗೆದುಹಾಕೋ ಕಾಲೇಜುಗಳಲ್ಲಿ. ಬೇಸಿಗೆಯ ಗ್ರೇಡ್ ಬಂದು, ಪ್ರಿರಿಕ್ವಿಸಿಟ್‌ನಲ್ಲಿ ಫೇಲಾದವರ ಹೆಸರು ಹೋದಾಗ. ಮೊದಲ ಲೆಕ್ಚರ್‌ನಲ್ಲಿ ಸಿಲಬಸ್ ನೋಡಿ ಜನ ಬಿಟ್ಟು ಹೋಗೋ ಸಂಜೆ. ಆಮೇಲೆ ದಂಡ ಇಲ್ಲದೆ ಡ್ರಾಪ್ ಮಾಡೋ ಕೊನೆಯ ದಿನ. ಆದ್ರೆ ಗಮನಿಸಿ, ತಾನಾಗಿ ಓಡೋ ವೇಟ್‌ಲಿಸ್ಟ್ ಆ ಕೊನೆಯ ದಿನಕ್ಕಿಂತ ಮುಂಚೆಯೇ ನಿಲ್ಲಬಹುದು. ನಿಂತ ಮೇಲೆ ಪಟ್ಟಿಯನ್ನ ಅಳಿಸ್ತಾರೆ, ಅಲ್ಲಿಂದಾಚೆಗೆ ಕೋಡ್ ಇದ್ರೆ ಮಾತ್ರ. ಆ ದಿನಾಂಕ ರಿಜಿಸ್ಟ್ರಾರ್ ಕ್ಯಾಲೆಂಡರ್‌ನಲ್ಲಿ ಇರುತ್ತೆ, ಕೂಡಲೇ ಬರೆದಿಟ್ಕೊಳ್ಳಿ.

ಸೀಟ್ ತೆರವಾದ್ರೆ ತಿಳಿಸೋ ಸೇವೆಗಳನ್ನ ಕೆಲವು ಯೂನಿವರ್ಸಿಟಿಗಳೇ ಕೊಡುತ್ವೆ. ಅದನ್ನೇ ಬಳಸಿ. ಪೋರ್ಟಲನ್ನ ಕ್ಷಣಕ್ಷಣಕ್ಕೂ ತಟ್ಟೋ ಪ್ರೋಗ್ರಾಮ್ ಬರೆದು ಓಡಿಸಬೇಡಿ, ನೋಂದಣಿ ಖಾತೆಗೇ ತಡೆ ಬೀಳಬಹುದು.

---

ಎರಡನೇ_ವರ್ಷ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ: 104ಕ್ಕೆ ಕಾಯೋರು 9, 103ಕ್ಕೆ 8. 108, 110ಕ್ಕೆ ಸೊನ್ನೆ. ಮೀಸಲು ಅಂತ ಟಿಪ್ಪಣಿ ಇಲ್ಲ, ಹೋಲ್ಡ್ ಇಲ್ಲ. ಸೆಕ್ಷನ್ ಬದಲಾಯಿಸಿದ್ರೆ ಕೊನೆಗೆ ಹೋಗ್ತೀರಿ ಅಂತ ರಿಜಿಸ್ಟ್ರಾರ್ ಪುಟದಲ್ಲಿದೆ. ವೇಟ್‌ಲಿಸ್ಟ್ ಮಿತಿ 25. ಸ್ವಾಪ್ ಮಾಡೋಕೆ ಹೋದ್ರೆ 'ಈ ಕೋರ್ಸ್‌ನ ವೇಟ್‌ಲಿಸ್ಟ್‌ನಲ್ಲಿ ಈಗಾಗಲೇ ಇದ್ದೀರಿ' ಅಂತ ಬರುತ್ತೆ. ಯಾವ ಕ್ರಮದಲ್ಲಿ ಮಾಡಬೇಕು? ಮತ್ತೆ, ಮುಂದೆ 104ಕ್ಕೆ ಹೋಗೋಕೆ ಆಗುತ್ತಾ?

---

ವೇಳಾಪಟ್ಟಿ_ಮೇಜು ಉತ್ತರ:

ವೇಟ್‌ಲಿಸ್ಟ್ ಮಿತಿ ನೋಡಿದ್ದು ಒಳ್ಳೇದಾಯ್ತು. 17 ಜನ, ಮಿತಿ 25, ಹಾಗಾಗಿ ಹೊರಗೆ ಬಂದು ಮತ್ತೆ ಒಳಗೆ ಹೋಗೋಕೆ ಜಾಗ ಇದೆ. ಮಿತಿ ತುಂಬಿದ್ದಿದ್ರೆ ನಾನು ಬೇಡ ಅಂತಿದ್ದೆ, ಆಗ ಅಡ್ವೈಸರ್‌ಗೆ ಬರೆದು ಅವರ ಕಡೆಯಿಂದಲೇ ಸೆಕ್ಷನ್ ಬದಲಾಯಿಸಿಕೊಳ್ಳಬೇಕಿತ್ತು.

ಕ್ರಮ ಹೀಗೆ. ಮೊದಲು ಸ್ವಾಪ್ ಪುಟ ತೆರೆದು 'ಬಿಡಬೇಕಾದ ಕ್ಲಾಸ್' ಜಾಗದಲ್ಲಿ ನಿಮ್ಮ 3 ಕ್ರೆಡಿಟ್ ಕೋರ್ಸ್ ಬರುತ್ತಾ ನೋಡಿಕೊಳ್ಳಿ, 108ರ ಕ್ಲಾಸ್ ಸಂಖ್ಯೆ ಬರೆದಿಟ್ಕೊಳ್ಳಿ. ನಂತರ ಸ್ಟಾಟಿಸ್ಟಿಕ್ಸ್ ವೇಟ್‌ಲಿಸ್ಟ್‌ನ ಸಾಲನ್ನ ಮಾತ್ರ ಡ್ರಾಪ್ ಮಾಡಿ. ಇದರಿಂದ ನಿಮ್ಮ 13 ಕ್ರೆಡಿಟ್ ಅಲುಗಾಡಲ್ಲ. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತೆ, ಗುರುತು ಯಾವುದರ ಮೇಲೆ ಬಿದ್ದಿದೆ ಅಂತ ಎರಡು ಸಲ ನೋಡಿ. ಕೂಡಲೇ ಸ್ವಾಪ್‌ಗೆ ಹೋಗಿ 3 ಕ್ರೆಡಿಟ್ ಕೋರ್ಸ್ ಬದಲಿಗೆ ಸ್ಟಾಟಿಸ್ಟಿಕ್ಸ್ ಲೆಕ್ಚರ್ ಆರಿಸಿ, ಡಿಸ್ಕಷನ್ 108 ಆರಿಸಿ, 'ಭರ್ತಿಯಾಗಿದ್ದರೆ ವೇಟ್‌ಲಿಸ್ಟ್‌ಗೆ ಹಾಕು' ಅನ್ನೋ ಚೌಕಕ್ಕೆ ಗುರುತು ಹಾಕಿ. ಈ ಗುರುತು ಮರೆತ್ರೆ ದೋಷ ತೋರಿಸಿ ಎಲ್ಲವೂ ನಿಲ್ಲುತ್ತೆ. ಮುಗಿಸಿದ ಮೇಲೆ ನಿಮ್ಮ ವೇಳಾಪಟ್ಟಿಯಲ್ಲಿ 3 ಕ್ರೆಡಿಟ್ ಕೋರ್ಸ್ ಇನ್ನೂ 'ಎನ್‌ರೋಲ್ಡ್' ಅಂತಲೇ, ಸ್ಟಾಟಿಸ್ಟಿಕ್ಸ್ 'ವೇಟ್‌ಲಿಸ್ಟೆಡ್' ಅಂತಲೇ ಇರಬೇಕು. ಆ ಪರದೆಯ ಚಿತ್ರ ತೆಗೆದಿಟ್ಕೊಳ್ಳಿ, ಏನಾದ್ರೂ ಎಡವಟ್ಟಾದ್ರೆ ರಿಜಿಸ್ಟ್ರಾರ್‌ಗೆ ತೋರಿಸೋಕೆ ಬೇಕಾಗುತ್ತೆ.

ಸಂಜೆಯೊಳಗೆ 110ರಲ್ಲಿ ಮಾತ್ರ ಸೀಟ್ ಉಳಿದ್ರೆ ಅದನ್ನೇ ಹಾಕಿ. ಹೊಸ ಡಿಸ್ಕಷನ್ ತೆರೀತಾರೆ ಅಂತ ಕಾಯೋದು ನಿಮ್ಮ ಕೋರ್ಸ್‌ನಲ್ಲಿ ವ್ಯರ್ಥ. 9 ಸೀಟ್ ಖಾಲಿ ಇರುವಾಗ ವಿಭಾಗ ಇನ್ನೊಬ್ಬ ಟಿಎಗೆ, ಇನ್ನೊಂದು ಕೊಠಡಿಗೆ ದುಡ್ಡು ಹಾಕಲ್ಲ. ಹತ್ತೂ ತುಂಬಿ, ವೇಟ್‌ಲಿಸ್ಟ್ ಒಂದು ಸೆಕ್ಷನ್ ತುಂಬೋಷ್ಟು ಬೆಳೆದ್ರೆ ಮಾತ್ರ ಆ ಮಾತು.

104ಕ್ಕೆ ಹೋಗೋ ವಿಷಯ: ಒಮ್ಮೆ ಲೆಕ್ಚರ್‌ಗೆ ಸೇರಿದ ಮೇಲೆ ಡಿಸ್ಕಷನ್ ಒಂದನ್ನೇ 'ಎಡಿಟ್'ನಿಂದ ಬದಲಾಯಿಸಬಹುದು, ಆದ್ರೆ 104ರಲ್ಲಿ ಸೀಟ್ ಖಾಲಿ ಇದ್ದು, ಅದಕ್ಕೆ ಕಾಯೋರು ಯಾರೂ ಇಲ್ಲದಾಗ. ಲೆಕ್ಚರನ್ನ ಡ್ರಾಪ್ ಮಾಡಿ ಮತ್ತೆ ಸೇರೋ ಪ್ರಯತ್ನ ಯಾವ ಕಾರಣಕ್ಕೂ ಬೇಡ, ನೀವು ಬಿಟ್ಟ ಸೀಟ್ ನೇರ ವೇಟ್‌ಲಿಸ್ಟ್‌ಗೆ ಹೋಗುತ್ತೆ.

---

ಟಿಎ_ಕೊಠಡಿ ಉತ್ತರ:

ಅದಕ್ಕೊಂದು ಸೇರಿಸ್ತೀನಿ. ದಾಖಲೆಯಲ್ಲಿ 108ರಲ್ಲಿದ್ದುಕೊಂಡೇ ಬುಧವಾರ 104ರಲ್ಲಿ ಕೂರೋದಕ್ಕೆ ಕೆಲವು ಕೋರ್ಸ್‌ಗಳಲ್ಲಿ ಬಿಡ್ತಾರೆ. ಇಬ್ಬರು ಟಿಎಗಳನ್ನೂ ಕೇಳಿ, ಒಪ್ಪಿಗೆಯನ್ನ ಮೇಲ್‌ನಲ್ಲಿ ತಗೊಳ್ಳಿ. ಡಿಸ್ಕಷನ್‌ನಲ್ಲಿ ಹಾಜರಿಗೆ ಅಂಕ ಇದ್ರೆ ಅಥವಾ ವಾರದ ಕ್ವಿಜ್ ಅಲ್ಲೇ ನಡೆದ್ರೆ, ಅಂಕ ದಾಖಲಾಗೋದು ನೀವು ಸೇರಿರೋ ಸೆಕ್ಷನ್‌ನ ಟಿಎ ಪಟ್ಟಿಯಲ್ಲಿ. 104ರಲ್ಲಿ ಬರೆದ ಕ್ವಿಜ್ 108ರ ಪಟ್ಟಿಗೆ ಹೋಗದೆ ಸೊನ್ನೆ ಬಿದ್ದಿರೋದು ಸೆಮಿಸ್ಟರ್ ಕೊನೆಗೆ ಗೊತ್ತಾದ್ರೆ ಸರಿಪಡಿಸೋದು ಕಷ್ಟ. ಕ್ಯಾನ್ವಾಸ್‌ನಲ್ಲಿ ಅಂಕ ಬಂದಿದೆಯಾ ಅಂತ ಮೊದಲ ಎರಡು ವಾರ ಪ್ರತಿ ಕ್ವಿಜ್ ಆದ ಮೇಲೂ ನೋಡಿ. ಕ್ವಿಜ್ ಉತ್ತರಪತ್ರಿಕೆಯ ಮೇಲೆ ಸೆಕ್ಷನ್ ಸಂಖ್ಯೆ ಕೇಳಿದ ಕಡೆ ಕೂತಿರೋ ಸೆಕ್ಷನ್ ಅಲ್ಲ, ಸೇರಿರೋ 108 ಅಂತಲೇ ಬರೀರಿ.